ಉಡಿ ತುಂಬಿದವರು

ರೊಟ್ಟಿ ಬಡಿಯಲು ಅನ್ನಪೂರ್ಣ ಬೇಕು, ಆರತಿ ಬೆಳಗುವಾಗ ಬೇಡ. ಕಮಲಾಪುರದ ಆ ಓಣಿಯಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಎಲ್ಲರಿಗೂ ಬಾಯಿಪಾಠ.

ಅವತ್ತು ಚೆನ್ನಬಸಮ್ಮನ ಮಗಳಿಗೆ ಕುಬಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಪಡಸಾಲೆಯಲ್ಲಿ ಕೂರಿಸಿದ್ದರು. ಓಣಿಯ ಹೆಂಗಸರೆಲ್ಲ ಸುತ್ತ ಸೇರಿದ್ದರು. ಅನ್ನಪೂರ್ಣ ಮಾತ್ರ ಹೊತ್ತು ಮೂಡುವ ಮೊದಲೇ ಬಂದು ಹಿತ್ತಲ ಒಲೆಯ ಮುಂದೆ ಕೂತವಳು ಇನ್ನೂ ಎದ್ದಿರಲಿಲ್ಲ. ಇನ್ನೂರು ಜೋಳದ ರೊಟ್ಟಿ. ಅವಳ ರೊಟ್ಟಿ ಎಂದರೆ ಹೊಸಪೇಟೆಯ ಖಾನಾವಳಿಗಳಲ್ಲೂ ಹೆಸರು. ಓಣಿಯಲ್ಲಿ ಯಾರ ಮನೆಯ ಕಾರ್ಯವಾದರೂ ಮೊದಲು ಕರೆ ಹೋಗುವುದು ಅವಳಿಗೇ.

ಸೋಬಾನೆ ಶುರುವಾಗುವ ಹೊತ್ತಿಗೆ ಚೆನ್ನಬಸಮ್ಮ ಹಿತ್ತಲ ಬಾಗಿಲಿಗೆ ಬಂದಳು.

“ಅನ್ನಪೂರ್ಣ, ಉಡಿ ತುಂಬೋ ಹೊತ್ತಾತು. ನೀ ಇಲ್ಲೇ ಕುಂತಿರವ್ವ. ತಪ್ಪು ತಿಳ್ಕೋಬ್ಯಾಡ. ಚೊಚ್ಚಲ ಬಸುರು, ನೋಡು.”

“ನನಗ ಗೊತ್ತಿಲ್ಲೇನಕ್ಕ? ಇನ್ನ ಇಪ್ಪತ್ತು ರೊಟ್ಟಿ ಅದಾವು. ನೀ ಹೋಗು.”

ನಗುತ್ತಲೇ ಹೇಳಿದಳು. ಐದು ವರ್ಷಗಳಿಂದ ಹೀಗೇ ನಗುತ್ತಿದ್ದಾಳೆ. ಸಂಡೂರು ದಾರಿಯಲ್ಲಿ ಅದಿರಿನ ಲಾರಿ ಮಗುಚಿ ಗಂಡ ಲಿಂಗರಾಜ್ ಸತ್ತಾಗ ಅವಳಿಗೆ ಮೂವತ್ಮೂರು. ಲಾರಿ ಅವಳ ಗಂಡನನ್ನಷ್ಟೇ ಒಯ್ದಿತು. ಹಣೆಯ ಕುಂಕುಮ, ಕೈಯ ಬಳೆ, ಪಡಸಾಲೆಯ ಚಾಪೆಯ ಮೇಲಿನ ಜಾಗ, ಇವನ್ನೆಲ್ಲ ಒಯ್ದವರು ನಾವು. ಅವಳ ರೊಟ್ಟಿ ನಮ್ಮ ಬಾಯಿಗೆ ಮಂಗಳ, ಅವಳ ಮುಖ ನಮ್ಮ ಕಣ್ಣಿಗೆ ಅಮಂಗಳ. ನಾಚಿಕೆಯಾಗಬೇಕು ನಮಗೆ. ಆಗಲಿಲ್ಲ. ಮುಂದಿನದ್ದೆಲ್ಲ ನಡೆದದ್ದು ಅದರಿಂದಲೇ.

ಆ ಹೊತ್ತಿನಲ್ಲಿ ಹಿತ್ತಲಿಗೆ ಇನ್ನೊಬ್ಬಳು ಬಂದಳು. ಓಣಿಯ ಕೊನೆಯ ಕೋಣೆಗೆ ಗಂಡನ ಜೊತೆ ಹದಿನೈದು ದಿನದ ಹಿಂದೆ ಬಾಡಿಗೆಗೆ ಬಂದಿದ್ದ ಶೈಲಜಾ. ನಲವತ್ತರ ಆಸುಪಾಸು, ದೊಡ್ಡ ಕುಂಕುಮ, ಮೆಲ್ಲಗಿನ ಮಾತು. ಹುಬ್ಬಳ್ಳಿ ಕಡೆಯವರಂತೆ. ಗಂಡ ಈಶ್ವರ್ ಹಂಪಿಗೆ ಬರುವ ಪ್ರವಾಸಿಗರಿಗೆ ಗಾಡಿ ಗೊತ್ತು ಮಾಡಿಕೊಡುತ್ತಾನಂತೆ. ಎಲ್ಲ ‘ಅಂತೆ’. ಯಾರೂ ಕೇಳಿ ತಿಳಿದದ್ದಲ್ಲ.

“ಎಲ್ಲಾರೂ ಒಳಗದಾರ. ನೀನ್ಯಾಕ ಹೊಗಿಯಾಗ ಕುಂತಿ ತಂಗಿ?”

ಅನ್ನಪೂರ್ಣ ತನ್ನ ಬೋಳು ಹಣೆ ಮುಟ್ಟಿ ತೋರಿಸಿದಳು.

ಶೈಲಜಾ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಹಿಟ್ಟಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಇವರ ಬಾಯಿಗೆ ಮಣ್ಣು ಹಾಕ. ಇದೆಲ್ಲ ಸುಳ್ಳವ್ವ, ಭಾಳ ಸುಳ್ಳು. ಹೆಣ್ಣಿನ ಉಡಿ ಗಂಡ ಸತ್ರ ಸಾಯ್ತೈತೇನು?”

ಐದು ವರ್ಷದಲ್ಲಿ ಯಾರಾದರೂ ಅವಳ ಕೈ ಹಿಡಿದದ್ದು ಅದೇ ಮೊದಲು.

ಮುಂದಿನ ಶುಕ್ರವಾರ ಶೈಲಜಾ ಸೀದಾ ಅನ್ನಪೂರ್ಣಳ ಮನೆಗೆ ಬಂದಳು. ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿಣದ ಕೊಂಬು, ಎಲೆ ಅಡಿಕೆ, ಕುಪ್ಪಸಕ್ಕೆ ಕೆಂಪು ಅಂಚಿನ ಹಸಿರು ಖಣ. ಅನ್ನಪೂರ್ಣ ಬೇಡ ಬೇಡ ಎನ್ನುವಷ್ಟರಲ್ಲಿ ಸೆರಗು ಹಿಡಿಸಿ ಉಡಿ ತುಂಬಿಯೇಬಿಟ್ಟಳು. ಅಕ್ಕಿ ಮಡಿಲಿಗೆ ಬಿದ್ದ ಸದ್ದಿಗೆ ಅನ್ನಪೂರ್ಣ ಗೋಡೆಗೊರಗಿ ಜೋರಾಗಿ ಅತ್ತಳು. ಕಾಲೇಜಿನಿಂದ ಬಂದ ಮಗಳು ಸ್ಫೂರ್ತಿ ಬಾಗಿಲಲ್ಲಿ ನಿಂತು ನೋಡಿದಳು.

“ಯಾಕ ಅಳಾಕತ್ತೀ ಯವ್ವ? ಯಾರೇನಂದ್ರು?”

“ಯಾರೂ ಏನೂ ಅಂದಿಲ್ಲ. ಇವರು ಇವತ್ತಿಂದ ನಿನ್ನ ದೊಡ್ಡವ್ವ. ಕಾಲು ಮುಟ್ಟು.”

ನಮ್ಮ ಕಡೆ ಉಡಿ ಎಂದರೆ ಬರೀ ಅಕ್ಕಿಯಲ್ಲ. ಉಡಿ ತುಂಬಿದ ಮನೆ ತವರು. ತವರಿನ ಮೇಲೆ ಸಂಶಯ ಪಡುವುದು ಪಾಪ, ತವರಿನ ಮಾತು ತೆಗೆದುಹಾಕುವುದು ಇನ್ನೂ ಪಾಪ. ಇದು ಶೈಲಜಾಳಿಗೆ ಚೆನ್ನಾಗಿ ಗೊತ್ತಿತ್ತು. ಅನ್ನಪೂರ್ಣ ಆ ಖಣವನ್ನು ದೇವರ ಮಾಡದಲ್ಲಿಟ್ಟು ಕೈ ಮುಗಿದಳು.

ಆಮೇಲಿನ ಮೂರು ತಿಂಗಳು ಅವಳಿಗೆ ಹಬ್ಬ. ಮುಂಜಾನೆ ಚಹಾಕ್ಕೆ ಶೈಲಕ್ಕ, ಮಧ್ಯಾಹ್ನ ಊಟಕ್ಕೆ ಶೈಲಕ್ಕ. ಕೇಳುವ ಕಿವಿ ಸಿಕ್ಕಿತೆಂದು ಅವಳು ಐದು ವರ್ಷದ ಮಾತನ್ನೆಲ್ಲ ಸುರಿದಳು. ಅಣ್ಣ ಮರಿಸ್ವಾಮಿಯ ಮೇಲಿನ ಮುನಿಸು, ಮಗಳ ಮದುವೆಯ ಚಿಂತೆ, ಒಬ್ಬಳೇ ಇರುವಾಗ ಗೋಡೆ ನೋಡುತ್ತ ಕೂರುವುದು, ಎಲ್ಲ. ಶೈಲಜಾ ಒಂದನ್ನೂ ಮರೆಯಲಿಲ್ಲ.

ಒಂದು ದಿನ ಅಂದಳು: “ನಾ ಹೇಳಬಾರದು, ಖರೆ. ಆದ್ರ ಹೊಟ್ಟಿ ತಡಿಯಾಂಗಿಲ್ಲ. ನಿಮ್ಮ ಮಹಿಳಾ ಸಂಘದಾಗ ನಿನ್ನ ಬಗ್ಗೆ ಏನೇನೋ ಮಾತಾಡ್ತಾರವ್ವ. ಖಾನಾವಳಿಗೆ ರೊಟ್ಟಿ ಕೊಡಾಕ ಹೋಗೋದಲ್ಲಂತ ನೀನು, ಬ್ಯಾರೆ ಯಾತಕ್ಕೋ ಹೋಗ್ತೀಯಂತ.”

“ಯಾರಂದ್ರು?”

“ಹೆಸರು ಕೇಳಬ್ಯಾಡ. ನಿನ್ನ ಜೊತಿಗೇ ಕುಂದ್ರೋರು.”

ಅನ್ನಪೂರ್ಣ ಮಂಗಳವಾರದ ಸಂಘಕ್ಕೆ ಹೋಗುವುದನ್ನು ಬಿಟ್ಟಳು. ಯಾಕೆ ಬರಲಿಲ್ಲ ಎಂದು ಕೇಳಲು ಸಂಘದವರೊಬ್ಬರೂ ಅವಳ ಮನೆಗೆ ಬರಲಿಲ್ಲ. ಬರದಿದ್ದುದೇ ಶೈಲಜಾಳ ಮಾತಿಗೆ ಸಾಕ್ಷಿಯಾಯಿತು.

ಇನ್ನೊಂದು ದಿನ ಈಶ್ವರ್ ಅಂದ: “ನಿಮ್ಮ ಫೋನು ಭಾಳ ಹಳೇದಾಗೈತಿ ಅಕ್ಕಾರ. ಕೊಡ್ರಿ, ಹೊಸ ಸಿಮ್ ಹಾಕಿಸಿ ಕೊಡ್ತೀನಿ.” ಹೊಸ ನಂಬರು ಬಂತು, ಹಳೆಯ ಹೆಸರುಗಳೆಲ್ಲ ಹೋದವು. ತವರೂರು ಮೆಟ್ರಿಯಿಂದ ಅಣ್ಣ ಮಾಡುವ ಫೋನು ಬರುವುದು ನಿಂತಿತು. “ನೋಡಿದೇನು? ವಾರಾತು, ಸತ್ತಿಯೋ ಬದುಕೀಯೋ ಅಂತ ಕೇಳಿಲ್ಲ ನಿನ್ನ ಒಡಹುಟ್ಟಿದಾವ,” ಎಂದಳು ಶೈಲಜಾ. ಫೋನು ಹತ್ತುವುದಿಲ್ಲವೆಂದು ಗಾಬರಿಯಾಗಿ ಮರಿಸ್ವಾಮಿ ಬೈಕು ಹತ್ತಿಕೊಂಡು ಬಂದೇ ಬಂದ. ಬಂದವನು ಬಾಯಿ ಮಾಡಿದ. ಅವನದ್ದು ಒರಟು ಬಾಯಿ.

“ಲೇ ಅನ್ನಪೂರ್ಣ, ನಂಬರ್ ಬದ್ಲಿ ಮಾಡೀಯಲ್ಲ, ಒಂದು ಮಾತು ಹೇಳಾಕ ಏನಾಗಿತ್ತು ದಾಡಿ? ಯಾರು ಇವರೆಲ್ಲ? ಯಾವೂರವರು, ಯಾರ ಪೈಕಿ?”

“ಐದು ವರ್ಷ ಬಾರದಾವ ಈಗ ಬಂದೀಯೇನು ವಿಚಾರಣಿ ಮಾಡಾಕ?”

“ಗದ್ದಿ ಬಿಟ್ಟು ಬರಾಕ ಆಗವಲ್ದು. ಹಂಗಂತ ಮರ್ತೀನೇನು?”

“ಮರ್ತಿದ್ರ ಇಷ್ಟು ನೋವಾಗತಿದ್ದಿಲ್ಲ. ನೆನಪಿದ್ದೂ ಬರಲಿಲ್ಲ ನೀ. ನಡಿ ನಿನ್ನ ಊರಿಗೆ.”

ಅವನು ಹೋದ ಮೇಲೆ ಶೈಲಜಾ ಅವಳ ಬೆನ್ನು ಸವರಿದಳು. “ಬಿಡವ್ವ. ನಾವಿಲ್ಲೇನು?”

ಹೀಗೆ ಒಂದೊಂದೇ ಬಾಗಿಲು ಮುಚ್ಚಿತು. ಮುಚ್ಚಿದ ಕೈ ಯಾವುದೆಂದು ಅನ್ನಪೂರ್ಣಳಿಗೆ ಕಾಣಲಿಲ್ಲ. ಎಲ್ಲ ತನ್ನ ಕೈಯಿಂದಲೇ ಮುಚ್ಚಿದೆನೆಂದು ಅವಳು ತಿಳಿದಿದ್ದಳು. ಇಂಥವರ ಕಸುಬೇ ಅದು.

ಆಗ ಬಂತು ಸಂಬಂಧದ ಮಾತು. ಈಶ್ವರನ ಅಕ್ಕನ ಮಗ, ಗುಜರಾತಿನ ಕಡೆ ಟೈಲ್ಸ್ ಅಂಗಡಿ. ವರದಕ್ಷಿಣೆ ಬೇಡ, ಬಂಗಾರ ಬೇಡ, ಮದುವೆಯೂ ಅವರದೇ. “ಸ್ಫೂರ್ತಿಗೆ ಇನ್ನ ಹದಿನಾರು,” ಎಂದಳು ಅನ್ನಪೂರ್ಣ. “ಅಯ್ಯ, ಈಗ ಯಾರು ಮಾಡ್ತಾರ? ಹದಿನೆಂಟು ತುಂಬಲಿ. ಈಗ ಬರೀ ಹೋಗಿ ಮನಿ ನೋಡ್ಕೊಂಡು ಬರೋದು, ನಾಲ್ಕು ದಿನ. ಯಾರ ಮುಂದೂ ಬಾಯಿ ಬಿಡಬ್ಯಾಡ, ಕಣ್ಣು ಬೀಳ್ತೈತಿ.”

ಆ ವಾರವೇ ಆಶಾ ಕಾರ್ಯಕರ್ತೆ ಬಸಕ್ಕ ಪೋಲಿಯೊ ಹನಿಗೆ ಮನೆಮನೆ ಸುತ್ತುತ್ತ ಬಂದಳು. ಅನ್ನಪೂರ್ಣಳ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ. ಆದರೂ ಹೊಸಿಲ ಮೇಲೆ ಕೂತು ನೀರು ಕೇಳಿದಳು.

“ಸಂಘಕ್ಕ ಬರವಲ್ಲಿ. ಹುಡುಗಿ ಯಾಕ ಬಾಡ್ಯಾಳ? ಬಸ್‌ನಾಗ ನನ್ನ ಕೂಡ ಏನೋ ಹೇಳಾಕ ಬಂದು ಸುಮ್ಮನಾದ್ಲು.”

“ಏನಿಲ್ಲ.”

“ಏನಿಲ್ಲ ಅಂದ್ರ ಏನೋ ಐತಿ. ಖರೆ ಹೇಳು, ಹುಡುಗೀನ್ನ ಎಲ್ಲಾರ ಕಳಸಾಕತ್ತೀಯೇನು? ನೋಡು, ಹೊಸಬರು ಬರ್ತಾರ, ಭಾಳ ಚಲೋ ಮಾತಾಡ್ತಾರ. ವರದಕ್ಷಿಣಿ ಬ್ಯಾಡ ಅಂತಾರ. ಯಾರಿಗೂ ಹೇಳಬ್ಯಾಡ ಅಂತಾರ. ಹಂಗಂದ್ರಂದ್ರ ಮುಗೀತು, ತಿಳ್ಕೋ. ಚಲೋ ಕೆಲಸ ಯಾವ್ದೂ ಮುಚ್ಚಿಟ್ಟು ಮಾಡಾಂಗಿಲ್ಲ. ಮದುವಿ ಅಂತ ಒಯ್ದು ಹೆಣ್ಣುಮಕ್ಕಳನ್ನ ಮಾರೋರು ಅದಾರವ್ವ.”

ಅನ್ನಪೂರ್ಣಳ ಮೈ ಉರಿಯಿತು. “ನನ್ನ ಉಡಿ ತುಂಬಿದೋರು ಅವರು. ಐದು ವರ್ಷದಾಗ ನೀವು ಏನು ತುಂಬಿದ್ರಿ ಬಸಕ್ಕ? ನಿನ್ನ ಮಗನ ಮದುವ್ಯಾಗ ನಾ ಎಲ್ಲಿದ್ದೆ? ಹೇಳು, ಎಲ್ಲಿದ್ದೆ?”

ಬಸಕ್ಕ ನೀರಿನ ಚೊಂಬು ಕೆಳಗಿಟ್ಟಳು. “ಅಡಿಗಿ ಮನ್ಯಾಗ,” ಎಂದಳು ಮೆಲ್ಲಗೆ. “ತಪ್ಪು ನಂದು. ಅದಕ್ಕ ನನ್ನ ಮಾತು ಕೇಳಬ್ಯಾಡ ಅಂದ್ರ ಕೇಳಬ್ಯಾಡ. ಈ ನಂಬರ್ ಒಂದು ಇಟ್ಕೋ.” ಪೋಲಿಯೊ ಗುರುತು ಹಾಕುವ ಸುಣ್ಣದಕಡ್ಡಿಯಿಂದ ಬಾಗಿಲ ಪಕ್ಕ ದೊಡ್ಡದಾಗಿ ಬರೆದಳು: 1098. “ಮಕ್ಕಳ ಸಹಾಯವಾಣಿ. ದುಡ್ಡು ಬೀಳಾಂಗಿಲ್ಲ. ಹಗಲು ರಾತ್ರಿ ಎತ್ತುತಾರ.”

ಬಸಕ್ಕ ಓಣಿ ದಾಟುವ ಮೊದಲೇ ಅನ್ನಪೂರ್ಣ ಅದನ್ನು ಅಳಿಸಿದಳು. ಹಸಿ ಬಟ್ಟೆಯಿಂದ ಉಜ್ಜಿ ಉಜ್ಜಿ ಅಳಿಸಿದಳು.

ಹೊರಡುವ ದಿನ ಸೋಮವಾರ. ಸ್ಫೂರ್ತಿ ಚೀಲ ಹಿಡಿದು ಅಡಿಗೆಮನೆಯ ಮೂಲೆಗೆ ನಿಂತಳು.

“ಯವ್ವ, ನಾ ಒಲ್ಲೆ. ಈಶ್ವರ್ ದೊಡ್ಡಪ್ಪ ಹುಡುಗನ ಊರು ಒಮ್ಮೆ ಒಂದು ಹೇಳ್ತಾನ, ಒಮ್ಮೆ ಇನ್ನೊಂದು. ನೀನು ಬರಾಂಗಿದ್ರ ಹೋಗ್ತೀನಿ.”

“ನಾಲ್ಕು ದಿನಕ್ಕ ಇಷ್ಟು ನಖರಾ ಮಾಡ್ತೀಯಲ್ಲ. ಉಡಿ ತುಂಬಿದ ಮನಿಯವರ ಮುಂದ ನನ್ನ ಮಾನ ಕಳೀಬ್ಯಾಡ.”

“ನಿನಗ ಆ ಉಡಿನೇ ಹೆಚ್ಚು, ನಾ ಅಲ್ಲ.”

ಅನ್ನಪೂರ್ಣ ಮಗಳ ಕೆನ್ನೆಗೆ ಹೊಡೆದಳು. ಹುಡುಗಿ ಚೀಲ ಎತ್ತಿಕೊಂಡಳು. ಹೋಗಿ ಆಟೋದಲ್ಲಿ ಕೂತಳು.

ಈಶ್ವರ್ ಆಟೋದಲ್ಲಿದ್ದ. ಶೈಲಜಾ ಮಾತ್ರ ಏನೋ ಮರೆತವಳಂತೆ ಒಳಗೆ ಬಂದು ಹುಡುಗಿಯ ಆಧಾರ್ ಕಾರ್ಡು ಕೇಳಿ ಇಸಿದುಕೊಂಡಳು; ಅದರ ಝೆರಾಕ್ಸ್ ಹಿಂದಿನ ವಾರವೇ ಒಯ್ದಿದ್ದಳು. ನಾಲ್ಕು ದಿನದ ಹಿಂದೆ ರಿಪೇರಿಗೆಂದು ಒಯ್ದ ಅನ್ನಪೂರ್ಣಳ ಫೋನನ್ನು ಇವತ್ತೂ ಕೊಡಲಿಲ್ಲ. “ಬಂದ ಮ್ಯಾಲೆ ಹೊಸದೇ ಕೊಡಸ್ತೀನಿ,” ಎಂದಳು. ಹೊಸಿಲು ದಾಟುತ್ತ, ತಿರುಗಿ, ಅಷ್ಟೇ ಮೆಲ್ಲಗಿನ ದನಿಯಲ್ಲಿ ಅಂದಳು:

“ಒಂದು ಮಾತು, ತಂಗಿ. ಹುಡುಗನ ಕಡೆಯೋರು ಅವಸರ ಮಾಡಾಕತ್ತಾರ. ಅಲ್ಲೇ ಅಕ್ಕಿಕಾಳು ಹಾಕಿ ಮದುವಿ ಮುಗಿಸಿಬಿಡ್ತೀವಿ. ನೀನು ಬರೋದು ಬ್ಯಾಡವ್ವ. ಮುತ್ತೈದೇರು ನಿಂತು ಮಾಡೋ ಕಾರ್ಯ. ಮುಂಡೆ ಮುಂದ ನಿಂತ್ರ ಚಲೋ ಆಗಾಂಗಿಲ್ಲ, ನಿನಗ ಗೊತ್ತಲ್ಲ.”

ಆಟೋ ಹೋಯಿತು.

ಅನ್ನಪೂರ್ಣ ಒಳಗೆ ಬಂದು ಹಂಚು ಇಟ್ಟಳು. ಹಿಟ್ಟು ನಾದಿದಳು. ಒಂದು ರೊಟ್ಟಿ ಬಡಿದಳು. ಎರಡನೆಯದು ಬಡಿಯುತ್ತಿದ್ದ ಕೈ ನಿಂತಿತು. ಆ ಮಾತು ಅವಳಿಗೆ ಹೊಸದಲ್ಲ. ಚೆನ್ನಬಸಮ್ಮ ಅಂದಿದ್ದಳು, ಅತ್ತಿಗೆ ಅಂದಿದ್ದಳು, ಊರೇ ಅಂದಿತ್ತು. ಆದರೆ ‘ಇದೆಲ್ಲ ಸುಳ್ಳವ್ವ’ ಎಂದು ಕೈ ಹಿಡಿದವಳು ಇವತ್ತಿನವರೆಗೆ ಅಂದಿರಲಿಲ್ಲ. ಹಾಗಾದರೆ ಹಿತ್ತಲಲ್ಲಿ ಹೇಳಿದ್ದು ಯಾಕೆ? ಇವತ್ತು ಹೇಳಿದ್ದು ಯಾಕೆ? ಹದಿನೆಂಟು ತುಂಬಲಿ ಎಂದವರು ಈಗಲೇ ಅಕ್ಕಿಕಾಳು ಹಾಕುವುದು ಹೇಗೆ? ಯಾವ ಊರಲ್ಲಿ?

ಊರಿನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಹೆತ್ತ ಮಗಳನ್ನು ಕಳಿಸಿದ್ದಾಳೆ, ಊರಿನ ಹೆಸರು ಗೊತ್ತಿಲ್ಲ.

ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅವಳು ಓಣಿಯ ಕೊನೆಗೆ ಓಡಿದಳು. ಕೋಣೆಯಲ್ಲಿ ವಿಳಾಸದ ಚೀಟಿಯಾದರೂ ಸಿಕ್ಕೀತು ಎಂಬ ಆಸೆ. ಬಾಗಿಲಿಗೆ ಬರೀ ಚಿಲಕ. ಒಳಗೆ ಒಂದು ಚಾಪೆ, ಎರಡು ಪ್ಲಾಸ್ಟಿಕ್ ಕೊಡ. ಒಂದು ಪಾತ್ರೆ ಇಲ್ಲ, ದೇವರ ಪಟ ಇಲ್ಲ. ಮೂರು ತಿಂಗಳು ಇವರು ತನ್ನ ಮನೆಯಲ್ಲೇ ಉಂಡರು ಎಂಬುದು ಆಗ ಹೊಳೆಯಿತು. ಗೋಡೆಯ ಮೊಳೆಗೆ ಒಂದು ಬಟ್ಟೆ ಚೀಲ ನೇತಾಡುತ್ತಿತ್ತು. ಮರೆತು ಹೋದರೋ, ಮತ್ತೆ ಬರುವ ಯೋಚನೆಯೋ. ಅವಳು ಚೀಲವನ್ನು ಬೋರಲು ಸುರಿದಳು.

ಖಣಗಳು. ಕೆಂಪು ಅಂಚಿನ ಹಸಿರು ಖಣಗಳು. ಒಂದೇ ಬಟ್ಟೆಯ ಥಾನಿನಿಂದ ಕತ್ತರಿಸಿ, ಒಂದೇ ಅಳತೆಗೆ ಮಡಿಸಿ, ಒಂದೊಂದರ ನಡುವೆ ಒಂದು ಅರಿಶಿಣದ ಕೊಂಬು ಇಟ್ಟು ಕಟ್ಟಿದ ಎಂಟು ಖಣಗಳು.

ಅವಳು ದೇವರ ಮಾಡದಲ್ಲಿಟ್ಟು ಪೂಜಿಸಿದ್ದು ಒಂಬತ್ತನೆಯದು. ಅಥವಾ ಇಪ್ಪತ್ತನೆಯದು. ಯಾರಿಗೆ ಗೊತ್ತು?

ಕೈಯಲ್ಲಿ ಫೋನಿಲ್ಲ. ನಂಬರು ಅಳಿಸಿದ್ದಾಳೆ. ಯಾರ ಮನೆಗೆ ಹೋಗುವುದು? ಯಾರ ಮನೆಯ ಬಾಗಿಲೂ ಅವಳಿಗೆ ಮುಂದಿನಿಂದ ಗೊತ್ತಿಲ್ಲ. ಆದರೂ ಹೋದಳು. ಚೆನ್ನಬಸಮ್ಮನ ಮನೆಯ ಮುಂಬಾಗಿಲಿನಿಂದ ಸೀದಾ ಪಡಸಾಲೆಗೆ ನುಗ್ಗಿದಳು.

“ಅಕ್ಕ, ನನ್ನ ಮಗಳನ್ನ ಕಳಕೊಂಡೀನಿ. ನಾನೇ ಕೈಯಾರ ಕೊಟ್ಟು ಕಳಿಸೀನಿ.”

ಚೆನ್ನಬಸಮ್ಮನ ಬಾಯಿಗೆ ಮೊದಲು ಬಂದದ್ದು ನಾಲ್ಕು ಜನರ ಮಾತೇ. “ಜೋರಾಗಿ ಅಳಬ್ಯಾಡ, ಮಂದಿ ಕೇಳಿಸ್ಕೊಂತಾರ. ಹುಡುಗಿ ಹೆಸರು ಕೆಡ್ತೈತಿ. ಸಂಜಿ ತನಕ ನೋಡೋಣು, ಬಂದಾಳು.”

“ಹೆಸರು ಕೆಟ್ರ ಕೆಡ್ಲಿ! ಹುಡುಗಿ ಬೇಕು ನನಗ. ಫೋನ್ ಕೊಡು!”

ಆ ಕೂಗು ಮೂರು ಮನೆಯಾಚೆಗಿದ್ದ ಬಸಕ್ಕನಿಗೆ ಕೇಳಿಸಿತು. ಓಡಿ ಬಂದವಳು ಒಂದು ಪ್ರಶ್ನೆಯನ್ನೂ ಕೇಳದೆ 1098ಕ್ಕೆ ಫೋನು ಹಚ್ಚಿ ಅನ್ನಪೂರ್ಣಳ ಕೈಗೆ ಕೊಟ್ಟಳು. ಆ ಕಡೆಯವರು ಬೈಯಲಿಲ್ಲ, ಯಾಕೆ ಕಳಿಸಿದೆ ಎನ್ನಲಿಲ್ಲ. ಹುಡುಗಿಯ ವಯಸ್ಸೆಷ್ಟು, ಯಾವ ಬಣ್ಣದ ಬಟ್ಟೆ, ಜೊತೆಗೆ ಯಾರು, ಯಾವ ಕಡೆ ಹೋದರು, ಫೋಟೋ ಇದೆಯೇ ಎಂದು ಕೇಳಿದರು. ಅನ್ನಪೂರ್ಣ ಹೇಳಿದಳು. ಹದಿನಾರು. ಹಳದಿ ಚೂಡಿದಾರ. ಗುಜರಾತು, ಹಾಗಾದರೆ ಹೊಸಪೇಟೆ ರೈಲ್ವೆ ಸ್ಟೇಷನ್ನೇ ಇರಬೇಕು. ಸಂಘದ ಪ್ರವಾಸದಲ್ಲಿ ತೆಗೆದ ಫೋಟೋ ಬಸಕ್ಕನ ಮೊಬೈಲಿನಲ್ಲಿತ್ತು, ಅವಳು ಕಳಿಸಿದಳು. ಆಮೇಲೆ 112ಕ್ಕೂ ಹೇಳಿದಳು.

ಚೆನ್ನಬಸಮ್ಮನ ಗಂಡ ಅಂಜಿನಯ್ಯನದ್ದು ಬಾಳೆಗೊನೆ ಸಾಗಿಸುವ ಟಾಟಾ ಏಸ್. ಅವನು ಊಟಕ್ಕೆ ಕೂತಿದ್ದ. “ಏಳ್ರಿ, ಗಾಡಿ ತೆಗೀರಿ,” ಎಂದಳು ಚೆನ್ನಬಸಮ್ಮ. ಅವನು ತುತ್ತು ಬಿಟ್ಟು ಎದ್ದ. ಮೂವರು ಹೆಂಗಸರೂ ಹತ್ತಿದರು. ಕಡ್ಡಿರಾಂಪುರದ ತಿರುವು, ಕಬ್ಬಿನ ಟ್ರಾಕ್ಟರುಗಳ ಸಾಲು, ಅನಂತಶಯನಗುಡಿಯ ರೈಲ್ವೆ ಗೇಟು. ಗೇಟು ಹಾಕಿತ್ತು. ಗಾಡಿ ನಿಂತ ಅಷ್ಟು ಹೊತ್ತೂ ಅನ್ನಪೂರ್ಣ ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಮಗಳ ಕೆನ್ನೆಗೆ ಹೊಡೆದ ಕೈ.

ಸ್ಟೇಷನ್ನಿನಲ್ಲಿ ರೈಲ್ವೆ ಪೊಲೀಸರು ಆಗಲೇ ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿದ್ದರು. ಎದುರಿಗೆ ಶೈಲಜಾ. ಈಶ್ವರ್ ಕಾಣಲಿಲ್ಲ, ಟಿಕೆಟ್ ತರುತ್ತೇನೆಂದು ಹೋದವನು ಅತ್ತಲೇ ಜಾರಿದ್ದ. ಮಹಿಳಾ ಪೇದೆಯ ಕೈಯಲ್ಲಿ ಆಧಾರ್‌ನ ಝೆರಾಕ್ಸ್ ಇತ್ತು, ಹುಟ್ಟಿದ ವರ್ಷ ತಿದ್ದಿದ್ದು. ಅದರಲ್ಲಿ ಸ್ಫೂರ್ತಿಗೆ ಹತ್ತೊಂಬತ್ತು.

ಅನ್ನಪೂರ್ಣಳನ್ನು ಕಂಡದ್ದೇ ಶೈಲಜಾಳ ಮುಖದಲ್ಲಿ ಅದೇ ಹಳೆಯ ನಗೆ ಬಂತು. ಹೆದರಿಕೆಯ ಸುಳಿವೂ ಇಲ್ಲ.

“ಬಾರವ್ವ ತಂಗಿ. ಚಲೋ ಆತು ಬಂದಿ. ಇವರಿಗೆ ಹೇಳು, ನೀನೇ ಕಳಿಸೀಯಲ್ಲ? ನಾನೇನು ಎಳ್ಕೊಂಡು ಬಂದೀನೇನು?”

ಪ್ಲಾಟ್‌ಫಾರಂನಲ್ಲಿ ಗುಂಪು ಸೇರಿತ್ತು. ಯಾರೋ ಮೊಬೈಲು ಎತ್ತಿ ಹಿಡಿದಿದ್ದರು.

ಶೈಲಜಾ ಹತ್ತಿರ ಬಂದು ದನಿ ಇಳಿಸಿದಳು. “ನಾಕು ಮಂದಿ ಮುಂದ ಯೋಚನಿ ಮಾಡಿ ಮಾತಾಡು. ಹದಿನಾರು ಅಂದ್ರ ಮೊದ್ಲು ಜೈಲಿಗೆ ಹೋಗಾಕಿ ನೀನೇ. ಹೆತ್ತಾಕಿನೇ ಮಾರಿದ್ಲು ಅಂತಾರ. ನಿನ್ನ ಉಡಿ ತುಂಬಿದಾಕಿ ನಾನು. ನನ್ನ ಬಿಟ್ರ ನಿನಗ್ಯಾರದಾರ?”

ಆ ಮಾತಿಗೆ ಇನ್ನೂ ಬಲವಿತ್ತು. ಮೂರು ತಿಂಗಳ ಚಹಾ, ಮೂರು ತಿಂಗಳ ಬೆನ್ನು ಸವರಿದ ಕೈ, ಎಲ್ಲ ಸೇರಿ ಅನ್ನಪೂರ್ಣಳನ್ನು ಹಿಂದಕ್ಕೆ ಎಳೆದವು. ಹೌದು ಅಂದುಬಿಟ್ಟರೆ ಗುಂಪು ಚದುರುತ್ತದೆ, ಮಾನ ಉಳಿಯುತ್ತದೆ. ಬೆಂಚಿನ ಮೇಲೆ ಸ್ಫೂರ್ತಿ ತಲೆ ಎತ್ತಿದಳು. ಕೆನ್ನೆಯ ಮೇಲೆ ನಾಲ್ಕು ಬೆರಳಿನ ಗುರುತು ಇನ್ನೂ ಇತ್ತು.

“ಹೌದ್ರಿ ಮೇಡಂ,” ಎಂದಳು ಅನ್ನಪೂರ್ಣ. ಎಲ್ಲರಿಗೂ ಕೇಳುವಂತೆ ಅಂದಳು. “ನಾನೇ ಕಳಿಸೀನಿ. ಒಲ್ಲೆ ಅಂದಾಕೀನ್ನ ಹೊಡದು ಕಳಿಸೀನಿ. ಯಾವೂರು ಅಂತ ಕೇಳಿಲ್ಲ, ಯಾರು ಅಂತ ಕೇಳಿಲ್ಲ. ಮೋಸ ಹೋಗೀನಿ. ಆಕಿಗೆ ಹದಿನಾರು, ಆ ಕಾಗದ ಸುಳ್ಳು, ಶಾಲಿ ಸರ್ಟಿಫಿಕೇಟ್ ಮನ್ಯಾಗೈತಿ. ನನ್ನ ಜೈಲಿಗೆ ಹಾಕೋದಿದ್ರ ಹಾಕ್ರಿ. ಆದ್ರ ಈಕೀನ್ನ ಬಿಡಬ್ಯಾಡ್ರಿ. ಇನ್ನ ಎಂಟು ಖಣ ಅದಾವು ಈಕಿ ಕೋಣ್ಯಾಗ.”

ಶೈಲಜಾಳ ನಗೆ ಆಗ ಹೋಯಿತು. ಬಾಯಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಅದರ ಹಿಂದೆಯೇ ಪೇದೆ ಅವಳ ರಟ್ಟೆ ಹಿಡಿದಳು.

ಅನ್ನಪೂರ್ಣಳನ್ನು ಯಾರೂ ಜೈಲಿಗೆ ಹಾಕಲಿಲ್ಲ. ಅವಳು ದೂರು ಕೊಟ್ಟಳು. ವಿಚಾರಣೆಯಲ್ಲಿ ಹೊರಬಿದ್ದ ಮಾತು ಇದು: ಅದೇ ಹೆಂಗಸು ಬೇರೆ ಹೆಸರಿನಲ್ಲಿ ಮರಿಯಮ್ಮನಹಳ್ಳಿಯಲ್ಲೂ ಮನೆ ಹಿಡಿದಿದ್ದಳು. ಅಲ್ಲಿಂದ ‘ಮದುವೆ’ಯಾಗಿ ಹೋದ ಒಬ್ಬ ಹುಡುಗಿ ಎಂಟು ತಿಂಗಳಾದರೂ ಒಂದು ಫೋನು ಮಾಡಿಲ್ಲ. ಅವಳ ತಾಯಿ ಮಾನಕ್ಕೆ ಹೆದರಿ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅವಳೂ ಒಂಟಿ ಹೆಂಗಸೇ.

ಮರುದಿನ ಮರಿಸ್ವಾಮಿ ಬಂದ. ಬಂದವನೇ ಬಾಯಿ ತೆಗೆದ. “ಬುದ್ಧಿ ಎಲ್ಲಿಟ್ಟಿದ್ದೀ ನೀನು? ಎರಡು ಅಕ್ಕಿಕಾಳಿಗೆ ಮಗಳನ್ನ...”

“ಸಾಕು ನಿಲ್ಸು ಮಾವ,” ಎಂದಳು ಸ್ಫೂರ್ತಿ. “ಅವ್ವ ಒಬ್ಬಾಕೇ ಇದ್ಲು. ನಿನಗ ಗೊತ್ತಿದ್ದಿಲ್ಲೇನು? ಗೊತ್ತಿತ್ತು. ಎಲ್ಲಾರಿಗೂ ಗೊತ್ತಿತ್ತು.”

ಮರಿಸ್ವಾಮಿ ಹೊಸಿಲ ಮೇಲೆ ಕೂತುಬಿಟ್ಟ. “ಇನ್ನ ವಾರಾ ವಾರಾ ಬರ್ತೀನವ್ವ. ಬರದಿದ್ರ ನೀನೇ ಬೈಯಿ,” ಎಂದ. ಬರುತ್ತಿದ್ದಾನೆ.

ಅನ್ನಪೂರ್ಣ ಮಂಗಳವಾರದ ಸಂಘಕ್ಕೆ ಹೋದಳು. ಇದನ್ನೆಲ್ಲ ತಾನೇ ಎದ್ದು ನಿಂತು ಹೇಳಿದಳು, ಒಂದನ್ನೂ ಮುಚ್ಚಿಡದೆ. “ಪಾಪ ಅನ್ನಬ್ಯಾಡ್ರಿ ನನಗ,” ಎಂದಳು ಕೊನೆಗೆ. “ಸಿಟ್ಟಿಗೇಳ್ರಿ. ಅವರ ಮ್ಯಾಲೂ, ನಿಮ್ಮ ಮ್ಯಾಲೂ.” ಚೆನ್ನಬಸಮ್ಮ ಮುಖ ಮುಚ್ಚಿಕೊಂಡಳು. ಅವತ್ತಿನಿಂದ ಆ ಸಂಘದಲ್ಲಿ ಒಂದು ರೂಢಿ ಬಂದಿದೆ. ಒಂದು ವಾರ ಯಾರು ಬರುವುದಿಲ್ಲವೋ ಅವರ ಮನೆಗೆ ಅದೇ ಸಂಜೆ ಇಬ್ಬರು ಹೋಗಬೇಕು. ಓಣಿಗೆ ಹೊಸಬರು ಬಂದರೆ ಊರು, ಪೈಕಿ, ಹಿಂದಿನ ಮನೆ, ಎಲ್ಲ ಕೇಳಬೇಕು. ಒಳ್ಳೆಯವರು ಹೇಳುತ್ತಾರೆ. ಕೇಳಿದ್ದಕ್ಕೆ ಸಿಟ್ಟಾಗುವವರ ಮೇಲೆ ಕಣ್ಣಿರಬೇಕು.

ಇದನ್ನು ಓದುತ್ತಿರುವ ಅವ್ವ, ಅಕ್ಕ, ತಂಗಿ, ನೀವೂ ಕೇಳಿ. ಹೊಸ ಗೆಳತಿ ನಿಮ್ಮ ಹಳೆಯವರನ್ನು ಒಬ್ಬೊಬ್ಬರಾಗಿ ದೂರ ಮಾಡುತ್ತಿದ್ದರೆ ಅವಳು ಗೆಳತಿಯಲ್ಲ. ನಿಮ್ಮ ಫೋನು, ನಿಮ್ಮ ಆಧಾರ್ ಅವಳ ಕೈಗೆ ಹೋಗಬಾರದು. ‘ಯಾರಿಗೂ ಹೇಳಬೇಡ’ ಎಂದ ಕೂಡಲೇ ಮೊದಲು ಕಂಡವರಿಗೆ ಹೇಳಿಬಿಡಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು ಅಪರಾಧ. ಯಾವ ದೊಡ್ಡ ಮನೆಯವರು ಬಂದರೂ ಅಪರಾಧವೇ. ಮಗಳು ಒಲ್ಲೆ ಎಂದರೆ ಹೊಡೆಯಬೇಡಿ, ಯಾಕೆ ಎಂದು ಕೇಳಿ. ಸಂಶಯ ಬಂದರೆ 1098, ಅವಸರವಿದ್ದರೆ 112. ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ನಿಮ್ಮ ನಾಚಿಕೆಯ ಮೇಲೆಯೇ ಅವರ ದಂಧೆ ನಿಂತಿದೆ.

ಈಶ್ವರ್ ಇನ್ನೂ ಸಿಕ್ಕಿಲ್ಲ. ಇವತ್ತು ಅವನು ಕಂಪ್ಲಿಯಲ್ಲಿರಬಹುದು, ಸಂಡೂರಿನಲ್ಲಿರಬಹುದು, ಇನ್ನೊಬ್ಬ ಶೈಲಜಾಳ ಜೊತೆ ನಿಮ್ಮ ಓಣಿಯಲ್ಲೇ ಬಾಡಿಗೆ ಮನೆ ನೋಡುತ್ತಿರಬಹುದು. ಅವನು ಶ್ರೀಮಂತರ ಮನೆ ಹುಡುಕುವುದಿಲ್ಲ. ಯಾರೂ ಹೋಗದ ಮನೆ ಯಾವುದು ಎಂದು ಹುಡುಕುತ್ತಾನೆ. ಆ ಮನೆ ಯಾವುದೆಂದು ಅವನು ಇನ್ನು ಕೇಳಿ ತಿಳಿಯಬೇಕು. ನಿಮಗೆ ಈಗಲೇ ಗೊತ್ತಿದೆ.

ಈ ಕಾಗದ ಮಡಿಸಿಟ್ಟು ಏಳಿ. ಅವನಿಗಿಂತ ಮೊದಲು ನೀವು ಆ ಬಾಗಿಲು ತಟ್ಟಿ.